ಅಣ್ಣಂದಿರ ಸೋಲು, ತಮ್ಮಂದಿರ ಶಿಕ್ಷೆ

ಇಪ್ಪತ್ತು ವರ್ಷದೊಳಗಿನವರ ವಿಶ್ವ ಐಸ್ ಹಾಕಿ ಕೂಟದಲ್ಲಿ, ಸೋವಿಯತ್ ಒಕ್ಕೂಟವನ್ನೂ ರಷ್ಯಾವನ್ನೂ ಒಂದೆಂದು ಎಣಿಸಿದರೆ, 1977ರಿಂದೀಚೆಗೆ ಚಿನ್ನ ಗೆದ್ದಿರುವುದು ಆರೇ ದೇಶಗಳು. 2018ರ ಡಿಸೆಂಬರ್‌ನಲ್ಲಿ ಕೆನಡಾ ಡೆನ್ಮಾರ್ಕನ್ನು 14–0 ಗೋಲುಗಳಿಂದ ಸೋಲಿಸಿತು. ಆ ಕೂಟದ ಕೊನೆಗೆ ಡೆನ್ಮಾರ್ಕ್ ಕೆಳವಿಭಾಗಕ್ಕೆ ಇಳಿಯಿತು; ಹತ್ತು ತಂಡಗಳ ಮೇಲ್ಪಂಕ್ತಿಗೆ ಮರಳಿದ್ದು 2026ರ ಕೂಟಕ್ಕೆ. ಅಷ್ಟರಲ್ಲಿ ಸೋತ ಹುಡುಗರ ವಯಸ್ಸು ಮೀರಿತ್ತು. ನಡುವೆ ಬೆಳೆದವರಿಗೆ ಈ ಕೂಟದಲ್ಲಿ ಆಡುವ ಭಾಗ್ಯವೇ ಒದಗಲಿಲ್ಲ. ವಯೋಮಿತಿಯ ಆಟದಲ್ಲಿ ಹಿಂಬಡ್ತಿಯು (ನಮ್ಮಂಥ ಸರಕಾರಿ ನೌಕರರಿಗೆ ಚಿರಪರಿಚಿತ ಪದ) ಸೋತವನನ್ನು ಬಿಟ್ಟು ಅವನ ಕುರ್ಚಿಗೆ ಬಂದವನನ್ನು ಹಿಡಿಯುತ್ತದೆ.

ದುರ್ಬಲರು ಹೊರಗಿದ್ದರೆ ಆಟದ ಮಟ್ಟ ಉಳಿಯುತ್ತದೆಂಬ ವಾದವನ್ನು ನಾವು ಒಪ್ಪಲಾರೆವು. ರಷ್ಯಾವನ್ನು ಹೊರಗಿಟ್ಟ ಕಾರಣ 2022ರ ಆಗಸ್ಟ್ ಕೂಟದಲ್ಲಿ ಲಾಟ್ವಿಯಾಗೆ ಸ್ಥಾನ ಸಿಕ್ಕಿತು. ಏಣಿ ಹತ್ತಿ ಬಂದದ್ದಲ್ಲ. ಬಂದ ಮೇಲೆ ಬಲಿಷ್ಠರ ನಡುವೆಯೇ ಉಳಿಯಿತು. 2024ರ ಡಿಸೆಂಬರ್ 27ರಂದು, ಇಪ್ಪತ್ತು ಲಕ್ಷ ಜನರೂ ಇಲ್ಲದ ಆ ದೇಶ ಒಟ್ಟಾವಾದಲ್ಲಿ ಕೆನಡಾವನ್ನೇ ಶೂಟೌಟ್‌ನಲ್ಲಿ 3–2ರಿಂದ ಮಣಿಸಿತು. ಅದರ ಗೋಲ್‌ಕೀಪರ್ ಲಿನಾರ್ಡ್ಸ್ ಫೆಲ್ಡ್‌ಬರ್ಗ್ಸ್ ತಡೆದ ಹೊಡೆತಗಳು 55!

ಒಂದೇ ವರ್ಷದ ಫಲಿತಾಂಶ ನೋಡದೆ, ಎರಡು ವರ್ಷಗಳದ್ದನ್ನು ಕೂಡಿಸಿ ತಂಡವನ್ನು ಇಳಿಸುವುದು ನ್ಯಾಯವೆಂದು ನಮ್ಮ ಮತ. ಆಗ ಹದಿನೆಂಟರ ಹುಡುಗನಿಗೆ ತನ್ನ ಸೋಲನ್ನು ತಾನೇ ತಿದ್ದಿಕೊಳ್ಳಲು ಇನ್ನೊಂದು ಚಳಿಗಾಲವಾದರೂ ಸಿಗುತ್ತದೆ.