ಮಿತವ್ಯಯದ ಮೊದಲ ಪಾಠ

ಈಜನ್ನು ನೀರಿಗಿಳಿದು ಕಲಿಯಬೇಕು. ಬೇಸಾಯವನ್ನು ಹೊಲದಲ್ಲಿ ದುಡಿದು ಕಲಿಯಬೇಕು. ಇದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಜೀವನದುದ್ದಕ್ಕೂ ದಿನವೂ ನಡೆಸಬೇಕಾದ ಹಣದ ವ್ಯವಹಾರ ಮಾತ್ರ ಯಾರೂ ಕಲಿಸದೆಯೇ ತಾನಾಗಿ ಬಂದೀತೆಂದು ಸಮಾಜವು ನಂಬಿಕೊಂಡಿದೆ. “ದುಡ್ಡಿನ ಮಾತು ನಿನಗೇಕೆ? ನೀನು ಓದಿಕೋ” ಎಂದು ಇಪ್ಪತ್ತು ವರ್ಷಗಳ ಕಾಲ ದೂರವಿರಿಸಿದ ಮಗನ ಅಥವಾ ಮಗಳ ಕೈಗೆ ಒಂದು ದಿನ ಮೊದಲ ಸಂಬಳ ಬರುತ್ತದೆ. ಅದನ್ನು ಯಾವುದಕ್ಕೆ ಎಷ್ಟು ಹಂಚಬೇಕೆಂಬುದು ತಿಳಿಯದೆ ತಿಂಗಳ ಕೊನೆಗೆ ಅವರು ಸಾಲಕ್ಕೆ ಕೈಯೊಡ್ಡಿದರೆ, ಹಿರಿಯರು ಅವರನ್ನು ದುಂದುಗಾರರೆಂದು ಹಳಿಯುತ್ತಾರೆ. ಆ ಹಳಿವಿನಲ್ಲಿ ಹಿರಿಯರ ಪಾಲೂ ಇದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಮಿತವ್ಯಯವು ಉಪದೇಶದಿಂದ ಬರುವ ಗುಣವಲ್ಲ. ಅದು ಅಭ್ಯಾಸದಿಂದ ಮೈಗೂಡುವ ಗುಣ. ಜಾತ್ರೆಗೆ ಹೊರಟ ಬಾಲಕನ ಕೈಗೆ ತಂದೆಯು ಐವತ್ತು ರೂಪಾಯಿ ಕೊಟ್ಟನೆಂದು ಭಾವಿಸೋಣ. ಬೆಂಡು ಬತ್ತಾಸು, ಬಲೂನು, ತಿರುಗುವ ತೊಟ್ಟಿಲು ಎಲ್ಲವೂ ಅವನನ್ನು ಕರೆಯುತ್ತವೆ. ಎಲ್ಲವನ್ನೂ ಕೊಳ್ಳಲು ಹಣ ಸಾಲದು. ಮೊದಲ ಅಂಗಡಿಯಲ್ಲಿಯೇ ಹಣವನ್ನು ಕಳೆದುಕೊಂಡು ಅವನು ಅಳತೊಡಗಿದಾಗ ತಂದೆಯು ಮತ್ತೆ ಐವತ್ತು ರೂಪಾಯಿ ಕೊಟ್ಟರೆ, ಅತ್ತರೆ ಹಣ ಬರುತ್ತದೆಂಬ ಪಾಠವನ್ನು ಬಾಲಕನು ಕಲಿಯುತ್ತಾನೆ. ಕೊಡದಿದ್ದರೆ, ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಬೇಕೆಂಬ ದೊಡ್ಡ ಸತ್ಯವನ್ನು ಐವತ್ತು ರೂಪಾಯಿಯ ಬೆಲೆಗೆ ಕಲಿಯುತ್ತಾನೆ. ಇದೇ ತಪ್ಪನ್ನು ಮೂವತ್ತನೆಯ ವಯಸ್ಸಿನಲ್ಲಿ ಮಾಡಿದವನು ಹೊಲವನ್ನೋ ಮನೆಯನ್ನೋ ಒತ್ತೆಯಿಡಬೇಕಾಗುತ್ತದೆ. ಆದ್ದರಿಂದ ಹಣದ ವಿಷಯದಲ್ಲಿ ಎಡವುವುದಾದರೆ ಬಾಲ್ಯದಲ್ಲಿಯೇ ಎಡವುವುದು ಲೇಸು. ಆಗ ಬಿದ್ದರೂ ಪೆಟ್ಟು ಚಿಕ್ಕದು.

ಚಿಕ್ಕ ಮೊತ್ತದಿಂದ ಏನಾದೀತು ಎಂದು ಕೇಳುವವರಿಗೆ ಕನ್ನಡ ನಾಡಿನ ಇತಿಹಾಸವೇ ಉತ್ತರ ಕೊಡುತ್ತದೆ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು ಉಡುಪಿಯಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆಯು 1928ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಹಣವನ್ನೂ ಸಂಗ್ರಹಿಸುತ್ತಿದ್ದನು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದ ಬಡವರೂ ಹೀಗೆ ಉಳಿತಾಯಗಾರರಾದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ‘ಪಿಗ್ಮಿ ಕಟ್ಟುವುದು’ ಎಂಬ ಮಾತು ಕನ್ನಡಿಗರ ಬಾಯಲ್ಲಿ ಉಳಿದಿದೆ. ಹಣವು ಬೇರೆ ಕಡೆಗೆ ಹರಿದುಹೋಗುವ ಮುನ್ನವೇ, ಚಿಕ್ಕದಾದರೂ ಒಂದು ಪಾಲನ್ನು ತಪ್ಪದೆ ತೆಗೆದಿರಿಸುವುದು ಆ ಯೋಜನೆಯ ಮರ್ಮ. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮಕ್ಕಳಿಗೂ ಇಂತಹ ದಾರಿಗಳುಂಟು. ಹಿಂದೆ ಅನೇಕ ಶಾಲೆಗಳಲ್ಲಿ ‘ಸಂಚಯಿಕಾ’ ಎಂಬ ಉಳಿತಾಯ ಬ್ಯಾಂಕು ನಡೆಯುತ್ತಿತ್ತು. ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳೇ ಹಣವನ್ನು ಪಡೆದು, ಲೆಕ್ಕ ಬರೆದು, ಪಾಸುಪುಸ್ತಕವನ್ನು ತುಂಬುತ್ತಿದ್ದರು. ಈಗ ಹತ್ತು ವರ್ಷ ತುಂಬಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲಿಯೇ ಉಳಿತಾಯ ಖಾತೆಯನ್ನು ತೆರೆಯಬಹುದು. ಬ್ಯಾಂಕುಗಳಲ್ಲಿಯೂ ಅವರೇ ಖಾತೆಯನ್ನು ತೆರೆದು ಕೆಲವು ಮಿತಿಗಳೊಳಗೆ ನಡೆಸಲು ಭಾರತೀಯ ರಿಸರ್ವ್ ಬ್ಯಾಂಕು 2014ರಲ್ಲಿ ಅವಕಾಶ ಮಾಡಿಕೊಟ್ಟಿತು. ಕರ್ನಾಟಕದ ಹಲವು ಶಾಲೆಗಳಲ್ಲಿ ನಡೆಯುವ ‘ಮಕ್ಕಳ ಸಂತೆ’ಯೂ ಸೊಗಸಾದ ಪಾಠವೇ. ಅಲ್ಲಿ ಸೊಪ್ಪು ತರಕಾರಿಗಳನ್ನು ತೂಗಿ ಮಾರುವ ಬಾಲಕಿಯು, ಸಂಜೆ ಕೈಗೆ ಬಂದ ಹಣದಲ್ಲಿ ಅಸಲೆಷ್ಟು ಲಾಭವೆಷ್ಟು ಎಂದು ಬೇರ್ಪಡಿಸುವಾಗ ಗಣಿತ ಪುಸ್ತಕದ ಲೆಕ್ಕಕ್ಕೆ ಜೀವ ಬರುತ್ತದೆ.

ಗಣಿತಕ್ಕೆ ಹೀಗೆ ಜೀವ ಬರಬೇಕಾದುದು ಬಡ್ಡಿಯ ವಿಷಯದಲ್ಲಿ ಇನ್ನೂ ಹೆಚ್ಚಾಗಿ. ಊರಿನ ಲೇವಾದೇವಿಗಾರನು “ಮೂರು ರೂಪಾಯಿ ಬಡ್ಡಿ” ಎನ್ನುತ್ತಾನೆ. ಅಂಚೆ ಕಚೇರಿಯ ಉಳಿತಾಯ ಖಾತೆಯು ನೂರಕ್ಕೆ ನಾಲ್ಕು ರೂಪಾಯಿ ಬಡ್ಡಿ ಕೊಡುತ್ತದೆ. ಅರಿಯದವನಿಗೆ ಮೂರು ನಾಲ್ಕಕ್ಕಿಂತ ಕಡಿಮೆಯೆಂದು ತೋರುತ್ತದೆ. ಆದರೆ ನಾಲ್ಕು ರೂಪಾಯಿ ಇಡೀ ವರ್ಷಕ್ಕೆ. ಮೂರು ರೂಪಾಯಿ ಪ್ರತಿ ತಿಂಗಳಿಗೆ. ಹತ್ತು ಸಾವಿರ ರೂಪಾಯಿ ಉಳಿಸಿದವನಿಗೆ ವರ್ಷಕ್ಕೆ ಬರುವುದು ನಾನೂರು ರೂಪಾಯಿ. ಅಷ್ಟನ್ನೇ ಸಾಲ ತಂದವನು ವರ್ಷಕ್ಕೆ ತೆರುವುದು ಮೂರು ಸಾವಿರದ ಆರುನೂರು ರೂಪಾಯಿ. ಮೂವತ್ತನಾಲ್ಕು ತಿಂಗಳು ಬಡ್ಡಿಯನ್ನೇ ಕಟ್ಟುತ್ತ ಬಂದರೆ ಆ ಬಡ್ಡಿಯು ಅಸಲನ್ನು ಮೀರುತ್ತದೆ. ಅಸಲು ಮಾತ್ರ ಹಾಗೆಯೇ ನಿಂತಿರುತ್ತದೆ. ಶೇಕಡಾ ಲೆಕ್ಕದಲ್ಲಿ ಪೂರ್ಣ ಅಂಕಗಳನ್ನು ಪಡೆದ ವಿದ್ಯಾರ್ಥಿಯೂ ಈ ವ್ಯತ್ಯಾಸವನ್ನು ಗುರುತಿಸಲಾರದೆ ಹೋದರೆ ಆ ಅಂಕಗಳಿಂದ ಪ್ರಯೋಜನವೇನು?

ಈ ಶಿಕ್ಷಣವು ಹಿಂದೆಂದಿಗಿಂತಲೂ ಇಂದು ಅಗತ್ಯವಾಗಿದೆ. ಹಿಂದೆ ಹಣವು ಕಣ್ಣಿಗೆ ಕಾಣುತ್ತಿತ್ತು. ಖರ್ಚಾದಂತೆ ಕೈಚೀಲ ಹಗುರವಾಗುತ್ತಿದ್ದುದನ್ನು ಮಕ್ಕಳೂ ನೋಡುತ್ತಿದ್ದರು. 2016ರಲ್ಲಿ ಯುಪಿಐ ವ್ಯವಸ್ಥೆ ಬಂದ ಮೇಲೆ ಮೊಬೈಲನ್ನು ಅಂಗಡಿಯ ಮುಂದೆ ಹಿಡಿದರೆ ಸಾಕು, ಹಣ ಸಂದಾಯವಾಗುತ್ತದೆ. ಅನುಕೂಲ ದೊಡ್ಡದೇ, ಆದರೆ ಪಕ್ಕದಲ್ಲಿ ನಿಂತ ಮಗುವಿಗೆ ಆ ಯಂತ್ರವು ಎಂದೂ ಬರಿದಾಗದ ಅಕ್ಷಯಪಾತ್ರೆಯಂತೆ ಕಾಣುತ್ತದೆ. ಅದೇ ಯಂತ್ರವು ನಿಮಿಷಗಳಲ್ಲಿ ಸಾಲವನ್ನೂ ಒದಗಿಸುತ್ತದೆ. ಕಿರುಸಾಲ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ಕರ್ನಾಟಕ ಸರ್ಕಾರವು 2025ರಲ್ಲಿ ಕಾನೂನನ್ನೇ ತರಬೇಕಾಯಿತು. ಕಾಯಿಲೆ, ಬರಗಾಲಗಳಿಗೆ ಸಿಲುಕಿ ಸಾಲ ಮಾಡುವವರನ್ನು ದೂಷಿಸುವುದು ಅನ್ಯಾಯ. ಆದರೆ ಆಡಂಬರಕ್ಕಾಗಿ ಮಾಡುವ ಸಾಲವನ್ನು ಯಾವ ಕಾನೂನೂ ತಡೆಯಲಾರದು. ಅದನ್ನು ತಡೆಯಬಲ್ಲದ್ದು ಬಾಲ್ಯದಲ್ಲಿ ಬೇರೂರಿದ ವಿವೇಕ ಮಾತ್ರ.

ಮಕ್ಕಳಿಗೆ ಹಣದ ಲೆಕ್ಕ ಕಲಿಸಿದರೆ ಅವರು ಜಿಪುಣರಾಗುತ್ತಾರೆ, ಎಲ್ಲವನ್ನೂ ಬೆಲೆಯಿಂದಲೇ ಅಳೆಯುತ್ತಾರೆ ಎಂಬ ಆಕ್ಷೇಪವಿದೆ. ಉಳಿತಾಯವನ್ನಷ್ಟೇ ಕಲಿಸಿದರೆ ಆ ಭಯ ನಿಜವಾದೀತು. ಆದರೆ ಕನ್ನಡ ನಾಡಿನ ಪರಂಪರೆಯು ಕಾಯಕದ ಜೊತೆಗೆ ದಾಸೋಹವನ್ನೂ ಹೇಳಿದೆ. ಶರಣ ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಮಡದಿ ಲಕ್ಕಮ್ಮನು ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದಳೆಂದು ಶರಣರ ಕಥೆ ಹೇಳುತ್ತದೆ. ಎಷ್ಟು ಬೇಕೆಂಬುದರ ಜೊತೆಗೆ ಎಷ್ಟು ಸಾಕೆಂಬುದನ್ನು ಬಲ್ಲವಳು ಆಕೆ. ಮಗುವಿನ ಕೈಗೆ ಬಂದ ಹಣದಲ್ಲಿ ಒಂದು ಪಾಲು ಇಂದಿನ ಖರ್ಚಿಗೆ, ಒಂದು ಪಾಲು ನಾಳೆಗೆ, ಚಿಕ್ಕದೊಂದು ಪಾಲು ಇನ್ನೊಬ್ಬರ ಕಷ್ಟಕ್ಕೆ ಎಂದು ಹಂಚುವ ರೂಢಿಯಾದರೆ ಜಿಪುಣತನಕ್ಕೆ ಎಡೆಯೇ ಇರುವುದಿಲ್ಲ.

ಈ ಪಾಠಕ್ಕೆ ಸಿರಿವಂತಿಕೆಯೂ ಬೇಕಿಲ್ಲ. ಸಂತೆಗೆ ಹೊರಟ ತಾಯಿಯು ಮಗಳನ್ನು ಜೊತೆಗೆ ಕರೆದೊಯ್ದು ಚೀಟಿ ಬರೆಸಿದರೆ ಅದೂ ಪಾಠ. ತಿಂಗಳ ಮೊದಲ ದಿನ ತಂದೆಯು ಮನೆಯ ಬಾಡಿಗೆ, ದಿನಸಿ, ವಿದ್ಯುತ್ತುಗಳ ಲೆಕ್ಕವನ್ನು ಮಕ್ಕಳೆದುರಿಗೆ ಓದಿದರೆ ಅದೂ ಪಾಠ. ಮನೆಯ ಕಷ್ಟವನ್ನು ಅರಿತ ಮಗುವು ಹಟ ಮಾಡುವುದನ್ನು ತಾನಾಗಿ ಬಿಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಮಕ್ಕಳಿಗೆ ಹೇಳುವ ಹಿರಿಯರು, ಆ ಹಾಸಿಗೆಯ ಉದ್ದವೆಷ್ಟೆಂಬುದನ್ನೂ ಅವರಿಗೆ ತೋರಿಸಬೇಕು. ಸಂಪತ್ತನ್ನು ಬಿಟ್ಟುಹೋಗುವ ಶಕ್ತಿ ಎಲ್ಲ ತಂದೆತಾಯಿಗಳಿಗೂ ಇರುವುದಿಲ್ಲ. ಹಣವನ್ನು ಆಳುವ ಅಭ್ಯಾಸವನ್ನು ಬಿಟ್ಟುಹೋಗುವ ಶಕ್ತಿ ಎಲ್ಲರಿಗೂ ಇದೆ.