ಮಾತ್ರೆ ನುಂಗಿದವರ ಮಾತಿಗೂ ಬೆಲೆಯಿರಲಿ

ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲ್- ಇವುಗಳಲ್ಲಿ ಒಂದಕ್ಕಾದರೂ ದಿನನಿತ್ಯ ಮಾತ್ರೆ ನುಂಗದ ಹಿರಿಯರು ನಮ್ಮ ನಗರದ ಬಡಾವಣೆಗಳಲ್ಲಿ ಇಂದು ವಿರಳ. ಬೆಳಗಿನ ವಾಯುವಿಹಾರದಲ್ಲಿ ನಾಲ್ವರು ಕಲೆತರೆ ರಾಜಕೀಯದ ಚರ್ಚೆ ಮುಗಿಯುವಷ್ಟರಲ್ಲಿ ಮಾತ್ರೆಗಳ ಮಾತು ಆರಂಭವಾಗುತ್ತದೆ. ಒಬ್ಬರಿಗೆ ಕಾಲು ಊತ, ಮತ್ತೊಬ್ಬರಿಗೆ ಎದ್ದು ನಿಂತರೆ ತಲೆಸುತ್ತು, ಮಗದೊಬ್ಬರಿಗೆ ತೊಡೆಯಲ್ಲಿ ನೋವು. ‘ವೈದ್ಯರಿಗೆ ಹೇಳಿದಿರಾ?’ ಎಂದು ಕೇಳಿದರೆ ಹೆಚ್ಚುಕಡಿಮೆ ಒಂದೇ ಉತ್ತರ: ‘ಹೇಳಿ ಏನು ಪ್ರಯೋಜನ ಸಾರ್? ನಾನೇ ನಿಲ್ಲಿಸಿಬಿಟ್ಟೆ.’

ಈ ಉತ್ತರ ಎಷ್ಟು ಅಪಾಯಕಾರಿ ಎಂಬುದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ಆದ್ದರಿಂದ ಇದನ್ನು ಬರೆಯಬೇಕೆನಿಸಿತು.

ನಾನು ಸೇವೆಯಿಂದ ನಿವೃತ್ತನಾದ ವರ್ಷ ರಕ್ತದೊತ್ತಡಕ್ಕಾಗಿ ಎನಾಲಾಪ್ರಿಲ್ ಎಂಬ ಮಾತ್ರೆ ಆರಂಭಿಸಲಾಯಿತು. ಒತ್ತಡ ಹದಕ್ಕೆ ಬಂತು. ಆದರೆ ತಿಂಗಳೊಳಗೆ ಒಣಕೆಮ್ಮು ಹಿಡಿಯಿತು. ರಾತ್ರಿ ಮಲಗಿದರೆ ಗಂಟಲಲ್ಲಿ ಗರಿ ಆಡಿಸಿದ ಹಾಗೆ ಕೆಮ್ಮು. ಎದೆಯ ಎಕ್ಸ್‌ರೇ ಆಯಿತು, ಎರಡು ಬಗೆಯ ಸಿರಪ್ ಆಯಿತು, ಒಂದು ಸುತ್ತು ಆ್ಯಂಟಿಬಯಾಟಿಕ್ ಆಯಿತು, ಮನೆಯವರ ಶುಂಠಿ ಕಷಾಯವೂ ಆಯಿತು. ಮೂರನೆಯ ವೈದ್ಯರು ಮಾತ್ರ ‘ಬಿ.ಪಿ.ಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?’ ಎಂಬ ಸರಳ ಪ್ರಶ್ನೆ ಕೇಳಿದರು. ಮಾತ್ರೆ ಬದಲಾದ ಮೂರು ವಾರಗಳಲ್ಲಿ ಕೆಮ್ಮು ಮಾಯವಾಯಿತು.

ಇದರಲ್ಲಿ ನಿಗೂಢವೇನೂ ಇರಲಿಲ್ಲ. ರಕ್ತನಾಳಗಳನ್ನು ಬಿಗಿಗೊಳಿಸುವ ರಾಸಾಯನಿಕದ ಉತ್ಪತ್ತಿಗೆ ಬೇಕಾದ ಕಿಣ್ವವೊಂದನ್ನು ಈ ಜಾತಿಯ ಔಷಧಗಳು ತಡೆಯುತ್ತವೆ. ಬ್ರಾಡಿಕೈನಿನ್ ಎಂಬ ಮತ್ತೊಂದು ವಸ್ತುವನ್ನು ಒಡೆದುಹಾಕುವುದೂ ಅದೇ ಕಿಣ್ವದ ಕೆಲಸ. ಕಿಣ್ವಕ್ಕೆ ತಡೆ ಬಿದ್ದಾಗ ಬ್ರಾಡಿಕೈನಿನ್ ಶ್ವಾಸನಾಳದಲ್ಲಿ ಸಂಚಯವಾಗಿ ಕೆಲವರಲ್ಲಿ ಕೆಮ್ಮು ಹುಟ್ಟಿಸುತ್ತದೆ. ಆ ವಸ್ತುವಿನ ತಂಟೆಗೆ ಹೋಗದ ಲೊಸಾರ್ಟನ್, ಟೆಲ್ಮಿಸಾರ್ಟನ್‌ನಂತಹ ಪರ್ಯಾಯಗಳೂ ಇವೆ. ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ ದಶಕಗಳಿಂದ ಇರುವ ಈ ಸಂಗತಿಯನ್ನು ಮೊದಲ ದಿನವೇ ಒಂದು ವಾಕ್ಯದಲ್ಲಿ ಹೇಳಿದ್ದರೆ ನನ್ನ ಎರಡೂವರೆ ತಿಂಗಳ ನಿದ್ರೆಯೂ ಎಕ್ಸ್‌ರೇ ಖರ್ಚೂ ಉಳಿಯುತ್ತಿದ್ದವು.

ನಾನು ಕಳೆದುಕೊಂಡದ್ದು ನಿದ್ರೆ ಮಾತ್ರ. ನನ್ನ ಅಣ್ಣನಿಗೆ ಆದದ್ದು ಬೇರೆ. ಶಾಲಾ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ಅವರು ಅಮ್ಲೋಡಿಪಿನ್ ಸೇವಿಸುತ್ತಿದ್ದರು. ಪಾದಗಳು ಊದಿಕೊಂಡವು, ಸಂಜೆಯ ಹೊತ್ತಿಗೆ ಚಪ್ಪಲಿ ಹಿಡಿಸದಾಯಿತು. ಒಮ್ಮೆ ವೈದ್ಯರಲ್ಲಿ ಪ್ರಸ್ತಾಪಿಸಿದರಂತೆ. ‘ವಯಸ್ಸಾಯಿತಲ್ಲ’ ಎಂಬ ಉತ್ತರ ಬಂತು. ಮತ್ತೆ ಕೇಳಲು ಅವರಿಗೆ ಸಂಕೋಚ. ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಊತ ಇಳಿಯಿತು, ತಮ್ಮ ತೀರ್ಮಾನವೇ ಸರಿ ಎಂಬ ನಂಬಿಕೆಯೂ ಬಂತು. ಎಂಟು ತಿಂಗಳ ನಂತರ ಪಾರ್ಶ್ವವಾಯು ಹೊಡೆಯಿತು. ನಲವತ್ತು ವರ್ಷ ಕಪ್ಪು ಹಲಗೆಯ ಮೇಲೆ ಮುತ್ತಿನಂತಹ ಅಕ್ಷರ ಬರೆದ ಬಲಗೈ ಇಂದು ಅವರ ಮಾತು ಕೇಳುವುದಿಲ್ಲ. ಮಾತ್ರೆ ಬಿಟ್ಟದ್ದೇ ಏಕೈಕ ಕಾರಣವೆಂದು ಖಚಿತವಾಗಿ ಹೇಳಲಾಗದು. ಆದರೆ ಆ ಊತ ಅಮ್ಲೋಡಿಪಿನ್‌ನ ಸುಪರಿಚಿತ ಅಡ್ಡಪರಿಣಾಮ, ಪ್ರಮಾಣ ಹೆಚ್ಚಿದಷ್ಟೂ ಹೆಚ್ಚುವಂಥದ್ದು. ಪ್ರಮಾಣ ಇಳಿಸಿ ಅಥವಾ ಔಷಧ ಬದಲಿಸಿ ಸರಿಪಡಿಸಬಹುದಾಗಿತ್ತು ಎಂಬುದಂತೂ ನಿಜ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಕೆನೆತ್ ಆ್ಯರೋ 1963ರಲ್ಲಿ ಬರೆದ ಪ್ರಬಂಧವೊಂದು ವೈದ್ಯಕೀಯ ಸೇವೆ ಇತರ ಸರಕುಗಳಂತಲ್ಲ, ಏಕೆಂದರೆ ವೈದ್ಯನಿಗಿರುವ ಮಾಹಿತಿ ರೋಗಿಗೆ ಇರುವುದಿಲ್ಲ ಎಂದು ತೋರಿಸಿಕೊಟ್ಟಿತು. ಅಡ್ಡಪರಿಣಾಮದ ವಿಷಯದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಔಷಧದ ಕುರಿತ ತಿಳಿವಳಿಕೆ ವೈದ್ಯರಲ್ಲಿದೆ, ನಿಜ. ಆದರೆ ಆ ಔಷಧ ಈ ನಿರ್ದಿಷ್ಟ ದೇಹದೊಳಗೆ ಏನು ಮಾಡುತ್ತಿದೆ ಎಂಬ ಮಾಹಿತಿ ರೋಗಿಯ ಬಳಿ ಮಾತ್ರ ಇದೆ. ಈ ಎರಡು ಅರ್ಧಗಳು ಕೂಡಿದಾಗಲೇ ಲೆಕ್ಕ ಪೂರ್ಣವಾಗುವುದು.

ಅವು ಕೂಡಲು ಸಮಯವಾದರೂ ಎಲ್ಲಿದೆ? ವಿವಿಧ ದೇಶಗಳ ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯ-ರೋಗಿ ಭೇಟಿಯ ಅವಧಿಯನ್ನು ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ವೀಡನ್‌ನಲ್ಲಿ ಸರಾಸರಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದಲ್ಲಿ ಸುಮಾರು ಎರಡು ನಿಮಿಷ. ಹೊರಗೆ ಐವತ್ತು ಮಂದಿ ಕಾದಿರುವಾಗ ವೈದ್ಯರನ್ನು ದೂಷಿಸಿ ಫಲವಿಲ್ಲ. ಹಾಗೆಂದು ರೋಗಿಯ ದೂರನ್ನು ‘ಎಲ್ಲ ನಿಮ್ಮ ಭ್ರಮೆ’ ಎಂದು ತಳ್ಳಿಹಾಕುವುದೂ ನ್ಯಾಯವಲ್ಲ. ಔಷಧವನ್ನು ಅರಗಿಸುವ ಯಕೃತ್ತಿನ ಕಿಣ್ವಗಳು ವಂಶವಾಹಿಗೆ ಅನುಗುಣವಾಗಿ ಬದಲಾಗುತ್ತವೆ. ವಯಸ್ಸಾದಂತೆ ಮೂತ್ರಪಿಂಡದ ಶಕ್ತಿ ಕುಗ್ಗಿ, ಐವತ್ತರಲ್ಲಿ ಹಿತವಾಗಿದ್ದ ಪ್ರಮಾಣ ಎಪ್ಪತ್ತೈದರಲ್ಲಿ ಅತಿಯಾಗುತ್ತದೆ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ನಿರ್ದಿಷ್ಟ ವಂಶವಾಹಿ ಇರುವವರಲ್ಲಿ ಪ್ರಾಣಾಂತಿಕ ಚರ್ಮರೋಗ ತರಬಲ್ಲದೆಂದು, ಆ ವಂಶವಾಹಿ ಇರುವ ಸಾಧ್ಯತೆಯುಳ್ಳ ಏಷ್ಯಾ ಮೂಲದವರಿಗೆ ಮೊದಲೇ ಪರೀಕ್ಷೆ ಮಾಡಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಎಚ್ಚರಿಸಿತು. ದೇಹಗಳ ಭಿನ್ನತೆ ಕಲ್ಪನೆಯಲ್ಲ.

ಹಾಗಾದರೆ ಮಾತ್ರೆ ನುಂಗಿದ ನಂತರ ಆಗುವ ಎಲ್ಲ ತೊಂದರೆಗೂ ಮಾತ್ರೆಯೇ ಕಾರಣವೇ? ಅಲ್ಲ ಎನ್ನುತ್ತದೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರ ಒಂದು ಪ್ರಯೋಗ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಸಹಿಸಲಾಗದೆ ಬಿಟ್ಟಿದ್ದ 60 ಮಂದಿ ಇದರಲ್ಲಿ ಪಾಲ್ಗೊಂಡರು. ಒಂದು ವರ್ಷದ ಅವಧಿಯಲ್ಲಿ ಅವರು ನಾಲ್ಕು ತಿಂಗಳು ಅಟೋರ್ವಾಸ್ಟಾಟಿನ್, ನಾಲ್ಕು ತಿಂಗಳು ಔಷಧವಿಲ್ಲದ ಹುಸಿ ಮಾತ್ರೆ ಸೇವಿಸಿದರು, ನಾಲ್ಕು ತಿಂಗಳು ಏನನ್ನೂ ಸೇವಿಸಲಿಲ್ಲ. ಈ ತಿಂಗಳುಗಳು ಒಂದರೊಳಗೊಂದು ಬೆರೆತಿದ್ದವು. ಯಾವ ಮಾತ್ರೆ ಅಸಲಿ, ಯಾವುದು ಹುಸಿ ಎಂಬುದು ಅವರಿಗೆ ತಿಳಿದಿರಲಿಲ್ಲ. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅಸಲಿ ಮಾತ್ರೆಯಿಂದಾದ ತೊಂದರೆಯ ಶೇ 90ರಷ್ಟು ಹುಸಿ ಮಾತ್ರೆಯಿಂದಲೂ ಆಗಿತ್ತು! ಅವರ ನೋವು ಸುಳ್ಳಾಗಿರಲಿಲ್ಲ. ನೋವಿನ ಮೂಲ ರಾಸಾಯನಿಕಕ್ಕಿಂತ ಹೆಚ್ಚಾಗಿ ನಿರೀಕ್ಷೆಯಲ್ಲಿತ್ತು. ನನಗೆ ಮುಖ್ಯವೆನಿಸಿದ್ದು ಮುಂದಿನ ಸಂಗತಿ. ತಮ್ಮದೇ ದಿನಚರಿಯ ಲೆಕ್ಕವನ್ನು ಅವರ ಮುಂದಿಟ್ಟಾಗ ಅರ್ಧದಷ್ಟು ಜನ ಸ್ಟಾಟಿನ್ ಸೇವನೆಯನ್ನು ಪುನರಾರಂಭಿಸಿದರು. ಗದರಿಸಿದ್ದರೆ ಹೀಗಾಗುತ್ತಿತ್ತೆ? ಅವರ ಮಾತನ್ನು ಗಂಭೀರವಾಗಿ ಪರಿಗಣಿಸಿ, ಅಳೆದು ತೋರಿಸಿದ್ದರಿಂದ ಇದು ಸಾಧ್ಯವಾಯಿತು.

ಇದರಿಂದ ನಾವು ಕಲಿಯಬೇಕಾದ ಮೊದಲ ಪಾಠ, ಬರೆದಿಡುವುದು. ಔಷಧ ಯಾವ ದಿನ ಆರಂಭವಾಯಿತು, ಪ್ರಮಾಣ ಎಷ್ಟು, ತೊಂದರೆ ಯಾವಾಗ ಶುರುವಾಯಿತು, ಯಾವ ಹೊತ್ತಿನಲ್ಲಿ ಹೆಚ್ಚುತ್ತದೆ- ಒಂದು ಪುಟ ಸಾಕು. ಎರಡು ನಿಮಿಷದ ಭೇಟಿಯಲ್ಲಿ ಆ ಪುಟ ಹತ್ತು ನಿಮಿಷದ ಕೆಲಸ ಮಾಡುತ್ತದೆ. ಬೇರೆ ವೈದ್ಯರು ಬರೆದ ಮಾತ್ರೆ, ಆಯುರ್ವೇದದ ಚೂರ್ಣ, ಅಂಗಡಿಯಲ್ಲಿ ಕೇಳಿ ತಂದ ನೋವುನಿವಾರಕ ಎಲ್ಲವೂ ಅದರಲ್ಲಿರಲಿ. ಎರಡನೆಯದು, ಕೇಳದೆ ನಿಲ್ಲಿಸದಿರುವುದು. ಹೃದ್ರೋಗದ ಕೆಲವು ಮಾತ್ರೆಗಳು, ಸ್ಟೆರಾಯ್ಡ್‌ಗಳು, ಅಪಸ್ಮಾರದ ಔಷಧಗಳನ್ನು ಹಠಾತ್ತನೆ ಬಿಟ್ಟರೆ ಕಾಯಿಲೆಗಿಂತ ದೊಡ್ಡ ಅನಾಹುತವಾದೀತು. ಆದರೆ ತುಟಿ-ಮುಖ ಊದಿಕೊಳ್ಳುವುದು, ಉಸಿರಾಟಕ್ಕೆ ತೊಂದರೆ, ಮೈಮೇಲೆ ಬೊಬ್ಬೆ ಏಳುವುದು ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಮೂರನೆಯದು, ಹೊಸ ತೊಂದರೆ ಕಂಡಾಗ ಅದು ಹಳೆಯ ಮಾತ್ರೆಯದೇ ಇರಬಹುದೆ ಎಂದು ವೈದ್ಯರನ್ನು ಕೇಳುವುದು. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ರೋಗವೆಂದು ಭಾವಿಸಿ ಇನ್ನೊಂದು ಔಷಧ ಕೊಡುವ ಸರಪಳಿಯ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್ 1997ರಲ್ಲಿಯೇ ಎಚ್ಚರಿಸಿತ್ತು. ನನ್ನ ಕೆಮ್ಮಿನ ಸಿರಪ್‌ಗಳು ಆ ಸರಪಳಿಯ ಕೊಂಡಿಗಳೇ.

ವ್ಯವಸ್ಥೆಯ ಹೊಣೆಯೇನು? ಗರ್ಭಿಣಿಯರಿಗೆ ಕೊಟ್ಟ ಥಾಲಿಡೊಮೈಡ್ ಸಾವಿರಾರು ಶಿಶುಗಳನ್ನು ಅಂಗವಿಕಲರನ್ನಾಗಿ ಮಾಡಿದ್ದು 1961ರಲ್ಲಿ ಬಯಲಾದ ಮೇಲೆ ಜಗತ್ತು ಎಚ್ಚೆತ್ತಿತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಡ್ಡಪರಿಣಾಮಗಳ ಅಂತರರಾಷ್ಟ್ರೀಯ ದಾಖಲಾತಿ ಆರಂಭಿಸಿತು. ಭಾರತದಲ್ಲಿ ಔಷಧ ಜಾಗೃತಿ ಕಾರ್ಯಕ್ರಮ 2010ರಲ್ಲಿ ಶುರುವಾಗಿ, ಮರುವರ್ಷದಿಂದ ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದ ಉಸ್ತುವಾರಿಯಲ್ಲಿದೆ. ರೋಗಿಯೇ ನೇರವಾಗಿ ದೂರು ದಾಖಲಿಸಬಹುದು. 1800-180-3024 ಎಂಬ ಉಚಿತ ದೂರವಾಣಿಯಿದೆ, ನಮೂನೆ ಕನ್ನಡದಲ್ಲಿಯೂ ಇದೆ. ಇದು ಬರಿಯ ಕಾಗದದ ಕೆಲಸವಲ್ಲ. ನೋವಿಗೆ ಮನೆಮನೆಯಲ್ಲಿ ಬಳಸುವ ಮೆಫೆನಾಮಿಕ್ ಆಮ್ಲ ಅಪರೂಪಕ್ಕೆ ತೀವ್ರ ಅಲರ್ಜಿ ಉಂಟುಮಾಡಬಲ್ಲದೆಂದು ಆಯೋಗ 2023ರ ನವೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟದ್ದು ಹೀಗೆ ಸಂಗ್ರಹವಾದ ವರದಿಗಳ ಆಧಾರದ ಮೇಲೆಯೇ. ಆದರೆ ನನ್ನ ವಾಯುವಿಹಾರದ ಗೆಳೆಯರಲ್ಲಿ- ಅವರಲ್ಲಿ ನಿವೃತ್ತ ಅಧಿಕಾರಿಗಳೂ ಪ್ರಾಧ್ಯಾಪಕರೂ ಇದ್ದಾರೆ- ಈ ಸೌಲಭ್ಯದ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಸರ್ಕಾರಿ ಯೋಜನೆಗಳನ್ನು ರೂಪಿಸುವಲ್ಲಿ ಪಾಲ್ಗೊಂಡವನಾಗಿ ಈ ರೋಗ ನನಗೆ ಪರಿಚಿತ: ಆದೇಶ ಹೊರಡುತ್ತದೆ, ಜನರಿಗೆ ತಲಪುವುದಿಲ್ಲ.

ಐರೋಪ್ಯ ಸಮುದಾಯ 1992ರಲ್ಲಿಯೇ ಔಷಧದ ಜತೆ ರೋಗಿಗೆ ಅರ್ಥವಾಗುವ ಭಾಷೆಯ ಮಾಹಿತಿಪತ್ರ ಇರಬೇಕೆಂದು ನಿಯಮ ಮಾಡಿತು. ನಮ್ಮಲ್ಲಿ ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕು ಕೊಡುತ್ತಾರೆ. ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ದಿನಾಂಕ ಇನ್ನೊಂದರಲ್ಲಿ. ಅದರ ಮೇಲೆ ಕನ್ನಡದ ಅಕ್ಷರ ಕಾಣುವುದು ಅಪರೂಪ. 2015ರ ಫಾರ್ಮಸಿ ವೃತ್ತಿ ನಿಯಮಗಳು ಔಷಧದ ಬಳಕೆ ಮತ್ತು ಅಡ್ಡಪರಿಣಾಮಗಳ ಬಗ್ಗೆ ರೋಗಿಗೆ ತಿಳಿಹೇಳುವುದನ್ನು ಫಾರ್ಮಸಿಸ್ಟ್‌ನ ಕರ್ತವ್ಯವಾಗಿಸಿವೆ. ವೈದ್ಯರಿಗಿಲ್ಲದ ಸಮಯ ಇವರಲ್ಲಿ ಸಿಗಬಹುದು. ಆರೋಗ್ಯ ಇಲಾಖೆ ಹೆಚ್ಚು ಬಳಕೆಯಲ್ಲಿರುವ ಐವತ್ತು ಔಷಧಗಳಿಗೆ ಒಂದೊಂದು ಪುಟದ ಕನ್ನಡ ಮಾಹಿತಿಪತ್ರ ಸಿದ್ಧಪಡಿಸಿ, ಪ್ರತಿ ಔಷಧದಂಗಡಿಯಲ್ಲಿ ಸಿಗುವಂತೆ ಮಾಡಲಿ. ಅದರ ಅಡಿಯಲ್ಲಿ ಆ ಉಚಿತ ದೂರವಾಣಿ ಸಂಖ್ಯೆಯೂ ಇರಲಿ. ಒಂದು ಪಾರ್ಶ್ವವಾಯು ಪ್ರಕರಣದ ಚಿಕಿತ್ಸೆ ಮತ್ತು ಶುಶ್ರೂಷೆಗೆ ಕುಟುಂಬವೊಂದು ತೆರುವ ಬೆಲೆಯನ್ನು ಬಲ್ಲ ನನಗೆ ಇದು ದುಬಾರಿ ಬಾಬ್ತು ಎನಿಸುವುದಿಲ್ಲ.

ಅಣ್ಣ ಈಗ ಬೇರೊಂದು ಮಾತ್ರೆ ಸೇವಿಸುತ್ತಿದ್ದಾರೆ, ಕಾಲು ಊದಿಲ್ಲ. ತಿಂಗಳ ತಪಾಸಣೆಗೆ ಹೋಗುವಾಗ ಅತ್ತಿಗೆ ಒಂದು ಸಣ್ಣ ಪುಸ್ತಕ ಕೊಂಡೊಯ್ಯುತ್ತಾರೆ. ವೈದ್ಯರು ಅದನ್ನು ಓದುತ್ತಾರೆ. ಇಷ್ಟೇ ಆಗಬೇಕಿದ್ದದ್ದು, ಆದರೆ ಎಂಟು ತಿಂಗಳು ಮುಂಚೆ.