ಬಣ್ಣ ಹೇಳಿದ ಸುಳ್ಳು

ನಮ್ಮ ಕಾರಟಗಿಯಲ್ಲಿ ಸುಗ್ಗಿ ಬಂತೆಂದರೆ ರಾತ್ರಿಯೂ ಹಗಲೇ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಭತ್ತ ಟ್ರ್ಯಾಕ್ಟರುಗಳಲ್ಲಿ ರೈಸ್ ಮಿಲ್ಲುಗಳ ಕಡೆ ಸಾಗುತ್ತಲೇ ಇರುತ್ತದೆ. ಅಂಥದೊಂದು ರಾತ್ರಿ ನಮ್ಮ ಬಂಧುಗಳ ಮನೆಯ ಹಿರಿಯಮ್ಮನಿಗೆ ಎದೆನೋವು ಕಾಣಿಸಿಕೊಂಡಿತು. ಗಂಗಾವತಿಗೆ ಒಯ್ಯಬೇಕು. ಮನೆಯ ಮುಂದೆ ಹಳೆಯ ಕಾರೇನೋ ಇತ್ತು; ಕೀಲಿ ತಿರುವಿದರೆ ಟಿಕ್ ಟಿಕ್ ಎಂದಿತೇ ಹೊರತು ಎಂಜಿನ್ ತಿರುಗಲಿಲ್ಲ. ಬ್ಯಾಟರಿ ಇಳಿದುಹೋಗಿತ್ತು.

ಪಕ್ಕದ ಮನೆಯವರು ತಮ್ಮ ಕಾರನ್ನು ತಂದು ಎದುರು ನಿಲ್ಲಿಸಿದರು. ಅವರ ಬ್ಯಾಟರಿಯಿಂದ ನಮ್ಮ ಬ್ಯಾಟರಿಗೆ ಎರಡು ಕೇಬಲ್ ಎಳೆದರೆ ಕೆಲಸ ಮುಗಿಯಿತು. ‘ಯಾವುದು ಪ್ಲಸ್ಸು, ಯಾವುದು ಮೈನಸ್ಸು?’ ಎಂದು ಯಾರೋ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ಮಾಸ್ತರನಲ್ಲವೇ! ಮೊಬೈಲ್ ಬೆಳಕಿನಲ್ಲಿ ಬಗ್ಗಿ ನೋಡಿದೆ. ಬ್ಯಾಟರಿಯ ಮೇಲೆ ದೂಳು, ಬಿಳಿಯ ಬೂಷ್ಟು. ಒಂದು ಕೇಬಲ್ಲಿನ ತುದಿಗೆ ಕೆಂಪು ಟೇಪು ಸುತ್ತಿತ್ತು. ‘ಕೆಂಪು ಎಂದರೆ ಧನ’ ಎಂದು ಧೈರ್ಯವಾಗಿ ಹೇಳಿಬಿಟ್ಟೆ.

ಕೊನೆಯ ಕ್ಲಿಪ್ಪು ತಾಗಿಸಿದೊಡನೆ ದೊಡ್ಡ ಕಿಡಿ ಹಾರಿತು, ಸುಟ್ಟ ವಾಸನೆ ಬಂತು. ಮುಖ್ಯ ಫ್ಯೂಸ್ ಹೋಯಿತು, ಆಲ್ಟರ್ನೇಟರಿನ ಡಯೋಡುಗಳೂ ಹೋದವು ಎಂದು ಮರುದಿನ ತಿಳಿಯಿತು. ಹಿರಿಯಮ್ಮನನ್ನು ಪಕ್ಕದವರು ತಮ್ಮ ಕಾರಿನಲ್ಲೇ ಒಯ್ದರು. ದೇವರ ದಯೆ, ಆಕೆ ಗುಣವಾಗಿ ಮನೆಗೆ ಬಂದರು. ಆದರೆ ಕೇಬಲ್ ಹುಡುಕುತ್ತ, ಕಿಡಿ ಹಾರಿಸುತ್ತ ನಾವು ಕಳೆದ ಆ ಇಪ್ಪತ್ತು ನಿಮಿಷ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಕಾರು ರಿಪೇರಿಗೆ ಬಂದವನು ನನ್ನದೇ ಹಳೆಯ ವಿದ್ಯಾರ್ಥಿ. ವಿಜ್ಞಾನದಲ್ಲಿ ಅವನಿಗೆ ಮೂವತ್ತೈದು ದಾಟಿದ್ದೇ ಕಷ್ಟದಲ್ಲಿ. ನಕ್ಕು ಹೇಳಿದ: ‘ಸರ್, ಹಿಂದೆ ಯಾರೋ ಕೈಗೆ ಸಿಕ್ಕ ಟೇಪು ಸುತ್ಯಾರ. ಟೇಪಿಗೇನ್ ಗೊತ್ತರ್ರೀ ಪ್ಲಸ್ಸು ಮೈನಸ್ಸು? ಬಣ್ಣ ಕೇಳಬ್ಯಾಡ್ರಿ, ತಂತೀನ ಕೇಳ್ರಿ.’

ಈ ವಾರದ ಪಾಠ ಅವನದೇ. ನಾನು ಬರೆದುಕೊಂಡವನು ಮಾತ್ರ.

ಧನ, ಋಣ ಎಂಬ ಹೆಸರುಗಳೇ ಮನುಷ್ಯ ಇಟ್ಟವು. 1747ರ ಸುಮಾರಿಗೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇವನ್ನು ಬಳಕೆಗೆ ತಂದ. ವಿದ್ಯುತ್ತು ಧನದಿಂದ ಋಣಕ್ಕೆ ಹರಿಯುತ್ತದೆಂದು ಎಲ್ಲರೂ ಲೆಕ್ಕ ಹಾಕತೊಡಗಿದರು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ ನೋಡಿದರೆ, ತಂತಿಯಲ್ಲಿ ಹರಿಯುವ ಎಲೆಕ್ಟ್ರಾನುಗಳು ಹೊರಟಿದ್ದು ಋಣದಿಂದ ಧನಕ್ಕೆ! ಆದರೂ ಹಳೆಯ ಹೆಸರುಗಳೇ ಉಳಿದವು. ಹೆಸರಿನ ಕಥೆಯೇ ಹೀಗಾದರೆ ಬಣ್ಣದ ಕಥೆ ಕೇಳಬೇಕೆ? ಬ್ರಿಟನ್ನಿನ ಹಳೆಯ ಕಾರುಗಳಲ್ಲಿ ಕಂದು ತಂತಿ ಎಂದರೆ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ತು ತರುವ ತಂತಿ. ಜರ್ಮನಿಯ ಕಾರುಗಳಲ್ಲಿ ಅದೇ ಕಂದು ತಂತಿ ಋಣ. ನಮ್ಮ ಇಸ್ತ್ರಿ ಪೆಟ್ಟಿಗೆಯ ವೈರಿನಲ್ಲಿ ಅದೇ ಕಂದು ಫೇಸ್. ಒಂದೇ ಬಣ್ಣ, ಮೂರು ಅರ್ಥ.

ಇನ್ನು ಕಾರಿನಲ್ಲಿ ಋಣದ ದಾರಿ ಯಾವುದು? ನನ್ನ ವಯಸ್ಸಿನವರಿಗೆ ಸೈಕಲ್ ಡೈನಮೋ ನೆನಪಿರಬೇಕು. ಡೈನಮೋದಿಂದ ದೀಪಕ್ಕೆ ಹೋಗುತ್ತಿದ್ದುದು ಒಂದೇ ತಂತಿ. ಹಿಂದಿರುಗುವ ದಾರಿ ಸೈಕಲ್ಲಿನ ಕಬ್ಬಿಣವೇ. ಕಾರಿನಲ್ಲೂ ಹಾಗೆಯೇ. ಬ್ಯಾಟರಿಯ ಋಣಧ್ರುವವನ್ನು ಕಾರಿನ ಮೈಗೆ, ಎಂಜಿನ್ನಿಗೆ ಬಿಗಿದಿರುತ್ತಾರೆ. ಇದಕ್ಕೇ ಮೆಕ್ಯಾನಿಕ್ಕುಗಳು ‘ಅರ್ಥ್’ ಎನ್ನುವುದು. ಇದೂ ಒಪ್ಪಂದವೇ, 1960ರ ದಶಕದವರೆಗೆ ಬ್ರಿಟನ್ನಿನ ಬಹಳಷ್ಟು ಕಾರುಗಳಲ್ಲಿ ಧನವನ್ನೇ ಮೈಗೆ ಜೋಡಿಸುತ್ತಿದ್ದರು. ಹಳೆಯ ಫರ್ಗ್ಯುಸನ್ ಟ್ರ್ಯಾಕ್ಟರೂ ಅದೇ ಜಾತಿ. ಅಂಥ ಹಳೆಯ ಬಂಡಿ ನಿಮ್ಮಲ್ಲಿದ್ದರೆ ಎಚ್ಚರ. ಈಗಿನ ವಾಹನಗಳಲ್ಲಿ ಮೈ ಎಂದರೆ ಋಣ ಎಂದೇ ತಿಳಿಯಿರಿ.

ಹಾಗಾದರೆ ತಂತಿಯನ್ನು ಕೇಳುವುದು ಹೇಗೆ? ಮೊದಲು ಕಣ್ಣಿನಿಂದ. ಬ್ಯಾಟರಿಯಿಂದ ಹೊರಟ ದಪ್ಪ ಕೇಬಲ್ಲನ್ನು ಅದರ ಇನ್ನೊಂದು ತುದಿಯವರೆಗೆ ಹಿಂಬಾಲಿಸಿ. ಹತ್ತಿರದಲ್ಲೇ ಮೈಗೆ ಅಥವಾ ಎಂಜಿನ್ನಿಗೆ ಬೋಲ್ಟ್ ಹಾಕಿದ್ದರೆ ಅದು ಋಣ. ಸ್ಟಾರ್ಟರ್ ಮೋಟರಿಗೂ ಫ್ಯೂಸ್ ಪೆಟ್ಟಿಗೆಗೂ ಹೋಗಿದ್ದರೆ ಧನ. ಆ ರಾತ್ರಿ ನಾನು ಅರ್ಧ ನಿಮಿಷ ಇಷ್ಟು ಮಾಡಿದ್ದರೆ ಸಾಕಿತ್ತು. ಬ್ಯಾಟರಿಯ ಮೇಲೆ ಅಚ್ಚೊತ್ತಿದ ಗುರುತನ್ನು ಒರೆಸಿ ನೋಡಿ. ಅದೂ ಅಳಿಸಿದ್ದರೆ ಎರಡು ಸೀಸದ ಗೂಟಗಳನ್ನು ಹೋಲಿಸಿ: ದಪ್ಪನೆಯದು ಧನ, ತೆಳ್ಳನೆಯದು ಋಣ. ಆದರೆ ‘ಎಡಕ್ಕಿರುವುದೇ ಧನ’ ಎಂದು ಬಾಯಿಪಾಠ ಮಾಡಬೇಡಿ. ಒಂದೇ ಅಳತೆಯ ಬ್ಯಾಟರಿ ಎಡ, ಬಲ ಎಂದು ಎರಡು ಬಗೆಯಲ್ಲಿ ಮಾರಾಟಕ್ಕೆ ಬರುತ್ತದೆ.

ಎರಡನೆಯದು ದೀಪದಿಂದ. ಹನ್ನೆರಡು ವೋಲ್ಟಿನ ಸಣ್ಣ ಬಲ್ಬಿಗೆ ಎರಡು ತಂತಿ ಬೆಸೆಯಿರಿ. ಮೊದಲು ಬ್ಯಾಟರಿಗೇ ಹಿಡಿದು ಬಲ್ಬ್ ಸರಿಯಿದೆಯೇ ನೋಡಿ. ಒಂದು ತುದಿಯನ್ನು ಬಣ್ಣವಿಲ್ಲದ ಸ್ವಚ್ಛ ಕಬ್ಬಿಣಕ್ಕೆ, ಇನ್ನೊಂದನ್ನು ಪರೀಕ್ಷಿಸಬೇಕಾದ ತಂತಿಗೆ ತಾಗಿಸಿ. ಹೊತ್ತಿದರೆ ಆ ತಂತಿ ಧನ. ಹೊತ್ತದಿದ್ದರೆ? ‘ಹಾಗಾದರೆ ಋಣ’ ಎಂದು ನನ್ನ ತರಗತಿಯ ಜಾಣರೆಲ್ಲ ಕೈ ಎತ್ತುತ್ತಾರೆ. ತಪ್ಪು! ತಂತಿ ತುಂಡಾಗಿರಬಹುದು, ಫ್ಯೂಸ್ ಹೋಗಿರಬಹುದು, ಕೀಲಿ ತಿರುವದೆ ಇರಬಹುದು. ಮೈಗೆ ಹಿಡಿದ ತುದಿಯನ್ನು ಈಗ ಬ್ಯಾಟರಿಯ ಧನಕ್ಕೆ ಒಯ್ದು ಮತ್ತೆ ನೋಡಿ. ಹೊತ್ತಿದರೆ ಋಣಕ್ಕೆ ಹೋಗುವ ದಾರಿ ಸಿಕ್ಕಿತು. ಆಗಲೂ ಹೊತ್ತದಿದ್ದರೆ ಆ ತಂತಿ ಸತ್ತದ್ದು. ಬೆಳಕಿಲ್ಲ ಎಂಬುದು ಉತ್ತರವಲ್ಲ, ಇನ್ನೊಂದು ಪ್ರಶ್ನೆ.

ಇದಕ್ಕೆ ಮಲ್ಟಿಮೀಟರ್ ಇನ್ನೂ ಒಳ್ಳೆಯದು. ಡಿಸಿ ವೋಲ್ಟಿಗೆ ತಿರುವಿ, ಕೆಂಪು ಕಡ್ಡಿ ಒಂದು ತಂತಿಗೆ, ಕಪ್ಪು ಕಡ್ಡಿ ಇನ್ನೊಂದಕ್ಕೆ ಹಿಡಿಯಿರಿ. ತುಂಬಿದ ಬ್ಯಾಟರಿ ಸುಮಾರು 12.6 ತೋರಿಸುತ್ತದೆ. ಅಂಕಿಯ ಹಿಂದೆ ಋಣಚಿಹ್ನೆ ಬಂದರೆ ನೀವು ತಲೆಕೆಳಗೆ ಹಿಡಿದಿದ್ದೀರಿ. ಒಂದು ಮಾತು: ಹಳದಿ ಹೊದಿಕೆಯ ಏರ್‌ಬ್ಯಾಗ್ ತಂತಿಗಳಿಗೂ ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳಿಗೂ ಇವಾವನ್ನೂ ತಾಗಿಸಬೇಡಿ. ಅಲ್ಲಿ ಮಾತ್ರ ಬಣ್ಣ ಹೇಳಿದ್ದನ್ನು ನಂಬಿ ದೂರ ನಿಲ್ಲಿ.

ತಲೆಕೆಳಗಾದರೆ ಅಷ್ಟೊಂದು ಹಾನಿ ಏಕೆ? ಆಲ್ಟರ್ನೇಟರಿನ ಡಯೋಡ್ ನಮ್ಮ ಪಂಪಿನ ಫುಟ್‌ವಾಲ್ವ್ ಇದ್ದಂತೆ. ಒಂದೇ ದಿಕ್ಕಿಗೆ ಬಿಡುತ್ತದೆ. ಸರಿಯಾಗಿ ಜೋಡಿಸಿದ ಬ್ಯಾಟರಿಗೆ ಅದು ಮುಚ್ಚಿದ ಬಾಗಿಲು. ತಿರುಗಿಸಿ ಜೋಡಿಸಿದರೆ ಹಾರು ಹೊಡೆದ ಬಾಗಿಲು! ನೂರಾರು ಆಂಪಿಯರ್ ಒಮ್ಮೆಲೇ ನುಗ್ಗಿ ಡಯೋಡನ್ನು ಸುಡುತ್ತದೆ. ಹನ್ನೆರಡು ವೋಲ್ಟು ಮನುಷ್ಯನಿಗೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಬೆರಳಿನ ಉಂಗುರ ಧನಕ್ಕೂ ಮೈಗೂ ಸೇತುವೆಯಾದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಕೆಲಸಕ್ಕೆ ಮುನ್ನ ಉಂಗುರ, ಕಡಗ, ವಾಚು ತೆಗೆದಿಡಿ.

ಕೇಬಲ್ ಹಾಕುವ ಕ್ರಮವನ್ನೂ ಹೇಳಿಬಿಡುತ್ತೇನೆ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಧನಕ್ಕೆ, ಆಮೇಲೆ ಒಳ್ಳೆಯ ಬ್ಯಾಟರಿಯ ಧನಕ್ಕೆ. ಕಪ್ಪು ಕೇಬಲ್ ಒಳ್ಳೆಯದರ ಋಣಕ್ಕೆ, ಅದರ ಕೊನೆಯ ತುದಿ ಸತ್ತ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಜೋಡಣೆಯಲ್ಲಿ ಕಿಡಿ ಸಹಜ, ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಕಿಡಿ ತಗುಲಬಾರದು. ಬ್ಯಾಟರಿ ಬಿಚ್ಚುವಾಗ ಋಣ ಮೊದಲು, ಹಾಕುವಾಗ ಋಣ ಕೊನೆಗೆ. ಋಣ ಬಿಚ್ಚಿದ ಮೇಲೆ ಪಾನಾ ಮೈಗೆ ತಾಗಿದರೂ ಕಿಡಿ ಹಾರದು.

ಈಗ ನಮ್ಮ ಶಾಲೆಯಲ್ಲಿ ಈ ಪಾಠ ಬಂದಾಗ ಒಂದು ಆಲೂಗಡ್ಡೆ ಕೊಯ್ದು ಮೇಜಿನ ಮೇಲಿಡುತ್ತೇನೆ. ಬ್ಯಾಟರಿಗೆ ಜೋಡಿಸಿದ ಎರಡು ತಾಮ್ರದ ತಂತಿಗಳನ್ನು, ಒಂದಕ್ಕೊಂದು ತಾಗದಂತೆ, ಅದರಲ್ಲಿ ಚುಚ್ಚುತ್ತೇನೆ. ನಡುವೆ ಬಲ್ಬೊಂದನ್ನು ಸೇರಿಸಿರುತ್ತೇನೆ. ತುದಿಗಳು ತಾಗಿದರೂ ಅಪಾಯವಿಲ್ಲ. ಎರಡು ತಂತಿಗೂ ಬೇಕೆಂದೇ ಕೆಂಪು ಟೇಪು ಸುತ್ತಿರುತ್ತೇನೆ. ಕೆಲ ನಿಮಿಷಗಳಲ್ಲಿ ಒಂದು ತಂತಿಯ ಸುತ್ತ ಆಲೂಗಡ್ಡೆ ಹಸಿರಾಗುತ್ತದೆ: ತಾಮ್ರ ಕರಗುವ ಧನ ಅದೇ. ಇನ್ನೊಂದರ ಸುತ್ತ ಸಣ್ಣ ನೊರೆ ಏಳುತ್ತದೆ: ಅದು ಋಣ. ಎರಡು ಟೇಪೂ ಕೆಂಪು, ಉತ್ತರ ಮಾತ್ರ ಬೇರೆ ಬೇರೆ.

ಕಳೆದ ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸರ್, ಇದನ್ನ ನಿಮಗ ಯಾರು ಕಲಿಸಿದ್ರು?’ ಎಂದ. ‘ಮೂವತ್ತೈದು ನಂಬರು ತಗೊಂಡ ಒಬ್ಬ ಹುಡುಗ’ ಎಂದೆ. ತರಗತಿ ನಕ್ಕಿತು. ಆ ಹುಡುಗ ಮಾತ್ರ ನಗಲಿಲ್ಲ, ಮುಂದೆ ಬಂದು ಆಲೂಗಡ್ಡೆಯನ್ನು ಹತ್ತಿರದಿಂದ ನೋಡತೊಡಗಿದ.